ಸುತ್ತಲೂ ನೀರಿದ್ದರೆ ಹಡಗಿನ ಬೆಂಕಿಗೆ ಯಾಕೆ ಹೆದರಬೇಕು?

ಪ್ರಶ್ನೆ: ಅಪಾಯದ ಸರಕನ್ನು ಹಡಗಿಗೆ ಹಾಕುವ ಮುಂಚೆ ಅಪಾಯ ಎಷ್ಟು ಅಂತ ಹೇಗೆ ಅಳೆಯುತ್ತಾರೆ ಸರ್? ಸಮುದ್ರದ ತುಂಬ ನೀರೇ ಇರುವಾಗ ಬೆಂಕಿಗೆ ಅಷ್ಟು ಹೆದರುವುದು ಯಾಕೆ?
(ಬೆಳಗಾವಿ ಉದ್ಯಮಬಾಗದ ಓದುಗರು)

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಅನಾಹುತ ಆಗುವ ಸಾಧ್ಯತೆ ಎಷ್ಟು, ಆಗಿಬಿಟ್ಟರೆ ಹಾನಿ ಎಷ್ಟು, ಈ ಎರಡನ್ನೂ ನೋಡುತ್ತಾರೆ. ಸರಕಿನ ಗುಣ, ಪ್ಯಾಕಿಂಗ್, ದಾರಿಯ ಬಿಸಿಲು, ಪಕ್ಕದ ಕಂಟೇನರ್‌ನಲ್ಲಿ ಏನಿದೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಐಎಂಡಿಜಿ ಕೋಡ್ ಎಂಬ ಅಂತರರಾಷ್ಟ್ರೀಯ ನಿಯಮ ಇಂಥ ಸರಕನ್ನು 9 ವರ್ಗ ಮಾಡಿದೆ.

ಇನ್ನು ನೀರಿನ ಮಾತು. ಎಷ್ಟು ಸಲ ಬಿಡಿಸಿ ಹೇಳಿದರೂ ಇದು ಮತ್ತೆ ಬರುತ್ತದೆ. ಈ ಸಲ ನಿಮ್ಮ ಪಕ್ಕದ ವೆಲ್ಡಿಂಗ್ ಶೆಡ್‌ನಿಂದಲೇ ಶುರು ಮಾಡೋಣ. ಕಾರ್ಬೈಡ್ ಕಲ್ಲಿಗೆ ನೀರು ತಗಲಿದರೆ ಅಸಿಟಿಲಿನ್ ಗ್ಯಾಸ್ ಏಳುತ್ತದೆ. ಕಬ್ಬಿಣ ಕತ್ತರಿಸುವ ಗ್ಯಾಸ್ ಅದೇ ಅಲ್ವಾ? 2025ರ ಮೇ 25ರಂದು ಕೇರಳದ ಹತ್ತಿರ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ 640 ಕಂಟೇನರ್ ಇದ್ದವು. ಅವುಗಳಲ್ಲಿ 12ರಲ್ಲಿ ಇದ್ದದ್ದು ಇದೇ ಕಾರ್ಬೈಡ್. ಅಂಥ ಸರಕಿಗೆ ಬೆಂಕಿ ಬಿದ್ದಾಗ ನೀರು ಹೊಡೆಯುವುದೆಂದರೆ ಒಲೆಗೆ ಸೀಮೆಎಣ್ಣೆ ಸುರಿದಂತೆ.

ಕಾರ್ಬೈಡ್ ಬಿಡಿ, ಹತ್ತಿಯನ್ನೇ ನೋಡಿ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗಿಗೆ ಬೆಂಕಿ ಬಿತ್ತು. ಒಂದೇ ಹಡಗಿನಲ್ಲಿ ಹತ್ತಿ ಅಂಡಿಗೆ, ಮದ್ದುಗುಂಡು ಎರಡೂ ಇದ್ದವು. 900 ಟನ್‌ಗೂ ಜಾಸ್ತಿ ನೀರು ಸುರಿದರು. ಬೆಂಕಿ ಆರಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿದು ನೂರಾರು ಜನ ಸತ್ತರು. ಅಲ್ಲಿ ನೀರಿಗೇನೂ ಕೊರತೆ ಇರಲಿಲ್ಲ. ತಪ್ಪಾದದ್ದು ಆ ಎರಡು ಸರಕನ್ನು ಜೊತೆಗಿಟ್ಟಾಗ, ಬೆಂಕಿ ಬೀಳುವ ಎಷ್ಟೋ ದಿನ ಮುಂಚೆ.

ಸುರಿದ ನೀರು ಹೊರಗೆ ಹೋಗದೆ ಹಡಗಿನಲ್ಲೇ ನಿಂತರೆ ಅದೂ ಅಪಾಯವೇ. ಪರಾತದ ತುಂಬ ನೀರು ಹಿಡಿದು ನಡೆದು ನೋಡಿ, ಹೇಗೆ ಒಂದೇ ಕಡೆ ವಾಲುತ್ತದೆ! ಹಡಗು ಹಾಗೆ ವಾಲಿ ಮಗುಚಿಬಿಡಬಹುದು. ಅದಕ್ಕೇ ಯಾವ ಸರಕಿನ ಬೆಂಕಿಯನ್ನು ಯಾವುದರಿಂದ ಆರಿಸಬೇಕು ಅನ್ನುವುದು ಲೋಡಿಂಗ್‌ಗೆ ಮುಂಚೆಯೇ ತೀರ್ಮಾನ ಆಗಿರಬೇಕು.

ಹತ್ತಿಯ ಮಾತು ಬಂದದ್ದಕ್ಕೆ ವಿಜಯಪುರ, ಬಾಗಲಕೋಟೆಯ ಎಣ್ಣೆ ಮಿಲ್‌ನವರಿಗೂ ಒಂದು ಮಾತು ಹೇಳಿಬಿಡುತ್ತೇನೆ. ದನಕ್ಕೆ ಹಾಕುವ ಹಿಂಡಿಯೂ ಐಎಂಡಿಜಿ ಕೋಡ್‌ನ ಅಪಾಯದ ಸರಕಿನ ಪಟ್ಟಿಯಲ್ಲಿದೆ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಸರಕು ಅಂತ. ಹಸಿ ಮೇವಿನ ಬಣವೆ ಒಳಗೊಳಗೇ ಕಾಯುವುದನ್ನು ನೀವು ನೋಡಿದ್ದೀರಿ. ಹಿಂಡಿಯಲ್ಲಿ ಉಳಿದ ಎಣ್ಣೆ ಮತ್ತು ತೇವ ಅದೇ ಕೆಲಸ ಮಾಡುತ್ತವೆ. ರಫ್ತಿಗೆ ಕಳಿಸುವ ಮುಂಚೆ ಇವೆರಡೂ ಎಷ್ಟಿವೆ ಅಂತ ಲ್ಯಾಬ್‌ನಲ್ಲಿ ನೋಡಿಸಿ, ಬಂದ ಅಂಕಿಯನ್ನು ಇದ್ದದ್ದು ಇದ್ದಂಗೆ ಕಾಗದದಲ್ಲಿ ಬರೆಯಿರಿ. ಚೀಲವನ್ನು ಎಲ್ಲಿ ಇಡಬೇಕು ಅಂತ ಹಡಗಿನವರು ನಿರ್ಧರಿಸುವುದು ಆ ಕಾಗದ ನೋಡಿಯೇ.