ಒಂದು ಹೆಣ, 14 ಜನ ಲೇಖಕರು

1931ರಲ್ಲಿ ಲಂಡನ್ನಲ್ಲಿ ‘ದ ಫ್ಲೋಟಿಂಗ್ ಅಡ್ಮಿರಲ್’ ಅಂತ ಒಂದು ಪತ್ತೇದಾರಿ ಕಾದಂಬರಿ ಬಂತು. ಬೆಳಿಗ್ಗೆ ಮೀನು ಹಿಡಿಯೋಕ್ ಕೂತಿರೋ ಒಬ್ಬ ಮುದುಕನಿಗೆ ನದೀಲಿ ತೇಲ್ಕೊಂಡ್ ಬರ್ತಿರೋ ದೋಣಿ ಕಾಣತ್ತೆ, ಒಳಗೆ ನೌಕಾಪಡೆ ಅಧಿಕಾರಿ ಅಡ್ಮಿರಲ್ ಪೆನಿಸ್ಟನ್ ಹೆಣ, ಯಾರೋ ಚುಚ್ಚಿ ಕೊಂದಿದ್ದಾರೆ, ನೋಡಿದ್ರೆ ದೋಣಿ ಊರಿನ ಪಾದ್ರಿದು. ಇಷ್ಟರವರೆಗೆ ಮಾಮೂಲೇ. ಆದ್ರೆ ಇದನ್ನ ಬರ್ದಿದ್ದು 14 ಜನ, ಒಬ್ಬೊಬ್ರು ಒಂದೊಂದು ಅಧ್ಯಾಯ (ಕೋಲ್ ದಂಪತಿ ಮಾತ್ರ ಇಬ್ರೂ ಸೇರಿ ಒಂದು), ಕೊಲೆಗಾರ ಯಾರು ಅಂತ ಮೊದಲೇ ಕೂತು ಮಾತಾಡ್ಕೊಂಡಿರ್ಲೇ ಇಲ್ಲ.

ರಿಲೇ ಥರ ಬರೆಯೋದು ಆಗ್ಲೇ ಹಳೇ ಆಟ. 1890ರ ದಶಕದ ಶುರುವಲ್ಲೇ 24 ಲೇಖಕರು ಸೇರಿ ‘ದ ಫೇಟ್ ಆಫ್ ಫೆನೆಲ್ಲಾ’ ಬರ್ದಿದ್ರು, ಕಾನನ್ ಡಾಯ್ಲ್, ಬ್ರಾಮ್ ಸ್ಟೋಕರ್ ಇಬ್ರೂ ಅದ್ರಲ್ಲಿದ್ರು. ಆದ್ರೆ ಅಲ್ಲಿ ಮನಸ್ಸಿಗೆ ಬಂದ ಕಡೆ ಕಥೆ ಎಳೀಬೋದು, ಪತ್ತೇದಾರಿ ಕಥೇಲಿ ಹಾಗಾಗಲ್ಲ, ಒಂದು ಸುಳಿವು ಬಿಟ್ರೆ ಕೊನೇಲಿ ಅದಕ್ಕೆ ಲೆಕ್ಕ ಕೊಡ್ಬೇಕು.

ಈ ಲೆಕ್ಕದ ಹುಚ್ಚು ಇದ್ದ ಪತ್ತೇದಾರಿ ಲೇಖಕರೇ, ತಮ್ಮಲ್ಲೊಬ್ರಾದ ಆಂಟನಿ ಬರ್ಕ್ಲಿ ಮನೆ ಊಟಗಳಲ್ಲಿ ಸೇರ್ತಾ ಸೇರ್ತಾ 1930ರ ಹೊತ್ತಿಗೆ ಡಿಟೆಕ್ಷನ್ ಕ್ಲಬ್ ಅಂತ ಕಟ್ಕೊಂಡ್ರು. ಫಾದರ್ ಬ್ರೌನ್ ಕಥೆಗಳ ಲೇಖಕ ಚೆಸ್ಟರ್ಟನ್ ಮೊದಲ ಅಧ್ಯಕ್ಷ. ಹೊಸಬರು ಎರಿಕ್ ಅನ್ನೋ ತಲೆಬುರುಡೆ ಮೇಲೆ ಕೈಯಿಟ್ಟು, ನನ್ನ ಪತ್ತೇದಾರ ದೈವವಾಣಿ, ಕಾಕತಾಳೀಯ, ಮಂತ್ರಮಾಟ ನಂಬ್ಕೊಂಡು ಕೇಸ್ ಬಿಡಿಸಲ್ಲ, ಓದುಗರಿಂದ ಮುಖ್ಯ ಸುಳಿವು ಬಚ್ಚಿಡಲ್ಲ ಅಂತ ಆಣೆ ಮಾಡ್ಬೇಕಿತ್ತು. ಅರ್ಧ ತಮಾಷೆ, ಆದ್ರೆ ಅರ್ಧ ಸೀರಿಯಸ್ಸೇ.

ಕ್ಲಬ್ಬಿಗೆ ಒಂದು ರೂಮ್ ಬೇಕಿತ್ತು, ದುಡ್ಡು ಬೇಕಿತ್ತು. 1930ರಲ್ಲಿ ಬಿಬಿಸಿ ರೇಡಿಯೋಗೆ ಆರು ಜನ ಸೇರಿ ‘ಬಿಹೈಂಡ್ ದ ಸ್ಕ್ರೀನ್’ ಬರ್ದು ತಾವೇ ಓದಿದ್ರು, ಮಾರನೇ ವರ್ಷ ‘ದ ಸ್ಕೂಪ್’. ಆಮೇಲೆ ಈ ಕಾದಂಬರಿ. ಸೋಹೋದ ಜೆರಾರ್ಡ್ ಸ್ಟ್ರೀಟಲ್ಲಿ ಕ್ಲಬ್ಬಿಗೆ ಜಾಗ ಸಿಕ್ಕಿದ್ದು ಇಂಥ ದುಡ್ಡಿಂದಾನೇ.

ನನ್ ಪ್ರಕಾರ ಈ ಪುಸ್ತಕ ನಿಂತಿರೋದು ಕಥೆ ಮೇಲಲ್ಲ, 14 ಜನರಲ್ಲೊಬ್ರಾದ ಡೊರೊಥಿ ಸೇಯರ್ಸ್ ಮುನ್ನುಡೀಲಿ ಹೇಳಿರೋ ರೂಲ್ಸ್ ಮೇಲೆ: ಹಿಂದಿನವರು ಬಿಟ್ಟ ಯಾವ ತೊಡಕನ್ನೂ ಹಾರಿಸೋ ಹಾಗಿಲ್ಲ, ಬರೆಯೋವಾಗ ನಿಮ್ಮ ತಲೇಲಿ ಒಂದು ಪಕ್ಕಾ ಉತ್ತರ ಇರ್ಲೇಬೇಕು, ಸುಮ್ನೆ ಗೋಜಲು ಮಾಡಿ ಮುಂದಿನವರ ತಲೆಗೆ ಕಟ್ಟೋ ಹಾಗಿಲ್ಲ, ಅಧ್ಯಾಯದ ಜೊತೆ ಆ ಉತ್ತರಾನೂ ಬರ್ದು ಕೊಡ್ಬೇಕು. ಆದ್ರೂ ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಅಗಾಥಾ ಕ್ರಿಸ್ಟಿ ನಾಲ್ಕನೇ ಅಧ್ಯಾಯದಲ್ಲಿ, ಕೊಲೆ ತನಿಖೆ ಮಾಡ್ತಿರೋ ಇನ್ಸ್ಪೆಕ್ಟರ್ ರಡ್ಜ್‌ನ ಒಬ್ಬ ವಾಚಾಳಿ ಹೆಂಗಸಿನ ಮುಂದೆ ಕೂರಿಸಿ ಊರ ಸುದ್ದಿಯೆಲ್ಲ ಕೇಳಿಸ್ತಾರೆ, ಆರಾಮಾಗಿ. ಎಂಟನೇದು ರೊನಾಲ್ಡ್ ನಾಕ್ಸ್ ಕೈಗೆ ಬರೋ ಹೊತ್ತಿಗೆ ಎಷ್ಟು ಎಳೆ ಬಿದ್ದಿದ್ವು ಅಂದ್ರೆ, ರಡ್ಜ್ ಕೂತು 39 ಅನುಮಾನಗಳನ್ನ ನಂಬರ್ ಹಾಕಿ ಪಟ್ಟಿ ಮಾಡ್ತಾನೆ. ಕಥೆ ಒಂದಿಂಚೂ ಮುಂದೆ ಹೋಗಲ್ಲ, ಆದ್ರೂ ಆ ಅಧ್ಯಾಯ ಇಲ್ದಿದ್ರೆ ನಾನಂತೂ ಅಲ್ಲೇ ಕೈಬಿಡ್ತಿದ್ದೆ. ಕೊನೇ ಅಧ್ಯಾಯ ಬರ್ಕ್ಲಿ ಪಾಲಿಗೆ ಬಂತು, ಅವರು ಅದಕ್ಕಿಟ್ಟ ಹೆಸರು ‘ಕ್ಲಿಯರಿಂಗ್ ಅಪ್ ದ ಮೆಸ್’, ಪಾಪ. ಮೊದಲಲ್ಲಿರೋ ಚೆಸ್ಟರ್ಟನ್ ಪೀಠಿಕೆ ಬರ್ದಿದ್ದು ಎಲ್ಲಕ್ಕಿಂತ ಕೊನೇಲಿ.

ಉಳಿದವರಲ್ಲಿ ಹೆಚ್ಚಿನವರ ಉತ್ತರಗಳನ್ನ ಪುಸ್ತಕದ ಕೊನೇಲಿ ಹಾಕಿದ್ದಾರೆ, ನಿಜವಾದ ಮಜಾ ಅಲ್ಲಿದೆ. ಅದೇ ಹೆಣ, ಅದೇ ದೋಣಿ, ಒಬ್ಬೊಬ್ರ ಲೆಕ್ಕ ಒಂದೊಂದು ಥರ.

1933ರ ‘ಆಸ್ಕ್ ಎ ಪೊಲೀಸ್‌ಮನ್’ನಲ್ಲಿ ಇನ್ನೂ ತುಂಟಾಟ, ಪತ್ತೇದಾರರನ್ನೇ ಅದಲುಬದಲು ಮಾಡ್ಕೊಂಡ್ರು. ಸೇಯರ್ಸ್ ಅವರ ಪೀಟರ್ ವಿಮ್ಸಿನ ಬರ್ಕ್ಲಿ ಬರ್ದ್ರೆ ಬರ್ಕ್ಲಿಯ ರಾಜರ್ ಶೆರಿಂಗಮ್‌ನ ಸೇಯರ್ಸ್ ಬರ್ದ್ರು, ಇಬ್ರೂ ಒಬ್ಬರನ್ನೊಬ್ರು ಚೆನ್ನಾಗೇ ಕಾಲೆಳೆದಿದ್ದಾರೆ. ಕ್ಲಬ್ ಈಗ್ಲೂ ಇದೆ, 2016ರಲ್ಲಿ ಈಗಿನ ಸದಸ್ಯರು ‘ದ ಸಿಂಕಿಂಗ್ ಅಡ್ಮಿರಲ್’ ತಂದ್ರು.