ಸ್ಟ್ರಕ್ಟ್ ಬಂದ ಮೇಲೆ ಯುನಿಕ್ಸ್ ಬದಲಾಯಿತು

ಕಂಪ್ಯೂಟರ್ ವಿಜ್ಞಾನಿ ಡೆನ್ನಿಸ್ ರಿಚಿ ಅಂದ ಕೂಡಲೇ ಸಿ ಪ್ರೋಗ್ರಾಮಿಂಗ್ ಭಾಷೆ ಒಂದು ಸಾಧನೆ, ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಇನ್ನೊಂದು ಅಂತ ಎಣಿಸುತ್ತೇವೆ. ಫರ್ಮ್‌ವೇರ್ (ಯಂತ್ರದೊಳಗಿನ ಚಿಪ್‌ನಲ್ಲೇ ಕೂರುವ ಪ್ರೋಗ್ರಾಂ) ಬರೆಯುವ ನನ್ನಂಥವರಿಗೆ ಅವೆರಡೂ ಒಂದೇ ಕೆಲಸ.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7 ಕಂಪ್ಯೂಟರ್ ಮೇಲೆ ಯುನಿಕ್ಸ್ ಶುರು ಮಾಡಿದಾಗ ಅದೆಲ್ಲ ಅಸೆಂಬ್ಲಿ, ಅಂದರೆ ಆ ಒಂದೇ ಯಂತ್ರದ ಆದೇಶಗಳಲ್ಲಿ ಬರೆದದ್ದು. ಅವರದೇ ಬಿ ಭಾಷೆಯೂ ಇತ್ತು. ಆದರೆ ಬಿಯಲ್ಲಿ ಟೈಪ್ (ಇದು ಅಕ್ಷರ, ಇದು ಸಂಖ್ಯೆ ಎಂಬ ಭೇದ) ಅನ್ನೋದೇ ಇಲ್ಲ, ಎಲ್ಲವೂ ವರ್ಡ್, ಅಂದರೆ ಒಂದೇ ಅಳತೆಯ ಮೆಮೊರಿ ತುಂಡು. ಆಮೇಲೆ ಬಂದ ಪಿಡಿಪಿ-11ರಲ್ಲಿ ಒಂದೊಂದು ಬೈಟ್‌ಗೂ ವಿಳಾಸ. ಅಲ್ಲಿ ಬಿ ಕೈಕೊಟ್ಟಿತು. ರಿಚಿ 1971ರಲ್ಲಿ ಅದಕ್ಕೆ ಒಂದು ಅಕ್ಷರ ಹಿಡಿಯುವ ಕ್ಯಾರ್ ಟೈಪ್ ಸೇರಿಸಿದರು. ಹೀಗೇ ತಿದ್ದುತ್ತಾ ತಿದ್ದುತ್ತಾ ಅದು ಸಿ ಆಯಿತು.

1972ರಲ್ಲಿ ಥಾಂಪ್ಸನ್ ಯುನಿಕ್ಸನ್ನು ಸಿಯಲ್ಲಿ ಬರೆಯಲು ಹೋಗಿ ಕೈಬಿಟ್ಟರು. ಆಗಿನ್ನೂ ಸಿಯಲ್ಲಿ ಸ್ಟ್ರಕ್ಟ್, ಅಂದರೆ ಬೇರೆ ಬೇರೆ ಮಾಹಿತಿಯನ್ನು ಒಂದೇ ಹೆಸರಿನಡಿ ಕಟ್ಟಿಡುವ ಸೌಲಭ್ಯ, ಇರಲಿಲ್ಲ. ಯುನಿಕ್ಸ್‌ನ ತಿರುಳಾದ ಕರ್ನಲ್ ತುಂಬ ಇರುವುದೇ ಟೇಬಲ್‌ಗಳು, ಅಲ್ವಾ? ಓಡುತ್ತಿರುವ ಪ್ರೋಗ್ರಾಂ, ಅಂದರೆ ಒಂದು ಪ್ರಾಸೆಸ್‌ನ ಸಂಖ್ಯೆ, ಸ್ಥಿತಿ, ಮೆಮೊರಿಯಲ್ಲಿ ಅದರ ಜಾಗ ಎಲ್ಲ ಒಟ್ಟಿಗೆ ಇರಬೇಕು. ರಿಚಿ ಸ್ಟ್ರಕ್ಟ್ ತಂದರು. 1973ರಲ್ಲಿ ಕರ್ನಲ್ ಸಿಗೆ ಬಂತು. ಕೆಲವೇ ವರ್ಷಗಳಲ್ಲಿ ಯುನಿಕ್ಸ್ ಇಂಟರ್‌ಡೇಟಾ 8/32 ಎಂಬ ಬೇರೆಯದೇ ಯಂತ್ರಕ್ಕೂ ಹೋಯಿತು.

ಇವತ್ತಿಗೂ ಪುಟ್ಟ ಕಂಪ್ಯೂಟರ್ ಚಿಪ್ ಆದ ಮೈಕ್ರೊಕಂಟ್ರೋಲರ್‌ನ ಸೀರಿಯಲ್ ಪೋರ್ಟ್ ನಡೆಸಬೇಕಾದರೆ ಅದನ್ನು ನಿಯಂತ್ರಿಸುವ ರಿಜಿಸ್ಟರ್‌ಗಳ ವಿಳಾಸದ ಮೇಲೆ ಒಂದು ಸ್ಟ್ರಕ್ಟ್ ಕೂರಿಸುತ್ತೇವೆ. ಆಮೇಲೆ ಸ್ಟೇಟಸ್, ಡೇಟಾ ಅಂತ ಹೆಸರು ಹಿಡಿದೇ ಓದಬಹುದು, ಬರೆಯಬಹುದು. ಯಂತ್ರದ ಇಷ್ಟು ಹತ್ತಿರ ಇದ್ದೂ ಒಂದೇ ಯಂತ್ರಕ್ಕೆ ಅಂಟಿಕೊಳ್ಳದ ಭಾಷೆ. ನನ್ನ ಪ್ರಕಾರ ರಿಚಿಯವರ ದೊಡ್ಡ ಕೊಡುಗೆ ಇದೇ.

ಅವರು ಬಿಟ್ಟುಹೋದ ಒಂದು ತಲೆನೋವೂ ಇದೆ. ಬಿಯಲ್ಲಿ ಬಿಟ್ ಲೆಕ್ಕಕ್ಕೂ & ಚಿಹ್ನೆಯೇ, ಎರಡು ಷರತ್ತು ಜೋಡಿಸಲೂ ಅದೇ. ರಿಚಿ ಷರತ್ತಿಗೆ ಅಂತ && ಬೇರೆ ಮಾಡಿದರು. ಆದರೆ & ಅನ್ನು ಹಳೆಯ ಜಾಗದಲ್ಲೇ, ಸಮವೇ ಎಂದು ಕೇಳುವ == ಗಿಂತ ಕೆಳಗೇ, ಅಂದರೆ ಅದರ ನಂತರ ಲೆಕ್ಕವಾಗುವಂತೆ, ಬಿಟ್ಟರು. ಮೇಲಕ್ಕೆ ತಂದರೆ ಇದ್ದ ಕೋಡ್ ಕೆಡಬಹುದು ಅನ್ನೋ ಭಯ. ಆ ಕೋಡ್ ಎಷ್ಟಿತ್ತು ಗೊತ್ತಾ? ಕೆಲವು ನೂರು ಕಿಲೋಬೈಟ್, ಬಹುಶಃ ಮೂರು ಕಡೆ ಇನ್‌ಸ್ಟಾಲ್! ಬದಲಾಯಿಸಿಬಿಟ್ಟಿದ್ದರೇ ಚೆನ್ನಾಗಿತ್ತು ಅಂತ ಅವರೇ ಆಮೇಲೆ ಬರೆದರು.

ಹೀಗಾಗಿ 'ಸ್ಟೇಟಸ್ & ಮಾಸ್ಕ್ == 0' ಅಂತ ಸುಮ್ನೆ ಬರೆದರೆ ಮೊದಲು ನಡೆಯುವುದು ಮಾಸ್ಕ್ ಸೊನ್ನೆಯೇ ಎಂಬ ಪರೀಕ್ಷೆ. ಮಾಸ್ಕ್ ಅಂದರೆ ನೋಡಬೇಕಾದ ಬಿಟ್‌ಗಳ ಗುರುತು, ಅದು ಸೊನ್ನೆ ಇರುವುದಿಲ್ಲವಲ್ಲ, ಷರತ್ತು ಯಾವತ್ತೂ ನಿಜವಾಗುವುದಿಲ್ಲ. ಕಂಪೈಲರ್ ವಾರ್ನಿಂಗ್ ಆನ್ ಇದ್ದರೆ ಅದೇ ಹೇಳುತ್ತದೆ. ಹೊಸಬರು ಅದನ್ನೇ ಜಾಸ್ತಿ ಆಫ್ ಮಾಡಿರುತ್ತಾರೆ. ಹಾಗಾಗಿ ಕೋಡ್ ರಿವ್ಯೂಗೆ ಕೂತಾಗ ನಾನು ಮೊದಲು ಹುಡುಕುವುದು & ಸುತ್ತ ಬ್ರಾಕೆಟ್ ಇದೆಯಾ ಅಂತ.