ಬಾಡಿಗೆಗೆಂದು ಫ್ಲ್ಯಾಟ್ ಕೊಳ್ಳುವ ಮುನ್ನ: ಸಾಲ, ಬಾಡಿಗೆ, ಕರಾರು

'ಬಾಡಿಗೆಯೇ ಇಎಂಐ ಕಟ್ಟಿಕೊಂಡು ಹೋಗುತ್ತೆ' ಎಂಬ ಮಾತಿನಿಂದಲೇ ಶುರುಮಾಡೋಣ. ಬೆಂಗಳೂರಿನಲ್ಲಿ 60 ಲಕ್ಷದ ಫ್ಲ್ಯಾಟ್, ಬಾಡಿಗೆ ತಿಂಗಳಿಗೆ 20,000 ಎಂದಿಟ್ಟುಕೊಳ್ಳಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ 80 ದಾಟುವಂತಿಲ್ಲ. ಅಂದರೆ ಸಾಲ 48 ಲಕ್ಷ, ಕೈಯಿಂದ 12 ಲಕ್ಷ. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕವನ್ನು ಆ ಬೆಲೆಗೆ ಸೇರಿಸುವುದಿಲ್ಲ. ಅದೂ ನಿಮ್ಮ ಜೇಬಿನಿಂದಲೇ. ಸೆಸ್, ಸರ್‌ಚಾರ್ಜ್ ಸೇರಿ ಮುದ್ರಾಂಕ ಶುಲ್ಕ ಶೇ 5.6, ನೋಂದಣಿ ಶುಲ್ಕ ಶೇ 2 (2025ರ ಆಗಸ್ಟ್ 31ಕ್ಕೆ ಮುಂಚೆ ಶೇ 1 ಇತ್ತು). ಒಟ್ಟು 4.56 ಲಕ್ಷ. ಹೊಸಬರು ಎಡವುವುದು ಇಲ್ಲೇ: 12 ಲಕ್ಷ ಕೂಡಿಸಿ ಮುಂಗಡ ಕೊಟ್ಟಿರುತ್ತಾರೆ, ನೋಂದಣಿಯ ದಿನ ಹತ್ತಿರ ಬಂದಾಗ ದುಬಾರಿ ಬಡ್ಡಿಯ ಪರ್ಸನಲ್ ಲೋನ್ ಹುಡುಕುತ್ತಾರೆ.

ಈಗ ಇಎಂಐ. ಶೇ 8.5 ಬಡ್ಡಿ, 20 ವರ್ಷ ಎಂದರೆ ಲಕ್ಷಕ್ಕೆ ಸುಮಾರು 868 ರೂಪಾಯಿ. 48 ಲಕ್ಷಕ್ಕೆ 41,650ರ ಆಸುಪಾಸು. ಮೊದಲ ತಿಂಗಳ ಬಡ್ಡಿಯೊಂದೇ 34,000. ಬಾಡಿಗೆ ಬಡ್ಡಿಗೇ ಸಾಲದು, ಅಸಲಿನ ಮಾತು ಹಾಗಿರಲಿ.

ಬಾಡಿಗೆಯೂ ಪೂರ್ತಿ ಕೈಗೆ ಬರುವುದಿಲ್ಲ. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಬರುವುದು 2,20,000. ಅದರಲ್ಲಿ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ 36,000, ಆಸ್ತಿ ತೆರಿಗೆ 6,000, ಪ್ಲಂಬಿಂಗ್ ಮತ್ತಿತರ ರಿಪೇರಿ 10,000 ಎಂದು ಕಳೆಯಿರಿ. ಉಳಿಯುವುದು 1,68,000, ತಿಂಗಳಿಗೆ 14,000. ಒಟ್ಟು ವೆಚ್ಚವಾದ 64.56 ಲಕ್ಷಕ್ಕೆ ಇದು ಶೇ 2.6. ಪ್ರತಿ ತಿಂಗಳೂ ಸಂಬಳದಿಂದ 27,650 ತುಂಬಬೇಕು.

ಲೆಕ್ಕವನ್ನು ತಿರುಗಿಸಿ: 14,000 ಹೊರಬಲ್ಲ ಸಾಲ ಎಷ್ಟು? 868ರಿಂದ ಭಾಗಿಸಿದರೆ ಸುಮಾರು 16 ಲಕ್ಷ. ಬಾಡಿಗೆಯೇ ಸಾಲ ತೀರಿಸಬೇಕೆಂದರೆ ಇಷ್ಟೇ. ಮಿಕ್ಕದ್ದು ಬೆಲೆ ಏರುತ್ತದೆಂಬ ನಂಬಿಕೆಯ ಮೇಲೆ ಹಾಕಿದ ಹಣ. ಹಾಗೆ ಹಾಕುವುದು ತಪ್ಪಲ್ಲ, ಆದರೆ ಗೊತ್ತಿದ್ದೇ ಹಾಕಬೇಕು. ಆರು ತಿಂಗಳ ಇಎಂಐಯನ್ನು ಪಕ್ಕಕ್ಕೂ ಇಟ್ಟಿರಬೇಕು. ಫ್ಲೋಟಿಂಗ್ (ಏರಿಳಿಯುವ ಬಡ್ಡಿ) ದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಬೋನಸ್ ಬಂದಾಗ ಅಸಲಿಗೆ ಕಟ್ಟಿ.

ಆದಾಯ ತೆರಿಗೆಯಲ್ಲಿ ನೀವು ಆರಿಸಿಕೊಂಡದ್ದು ಹಳೆಯ ಪದ್ಧತಿಯೋ ಹೊಸದೋ ಎಂಬುದೇ ಮುಖ್ಯ. ಬಾಡಿಗೆಯಿಂದ ಆ ವರ್ಷ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ಬಿಟ್ಟು, ಆಮೇಲೆ ಬಡ್ಡಿ ಕಳೆಯುತ್ತಾರೆ. ಮೇಂಟೆನೆನ್ಸ್‌ಗೆ ಬೇರೆ ಕಡಿತವಿಲ್ಲ, ಅದು ಆ ಶೇ 30ರಲ್ಲೇ ಬಂತು. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷದ ಬಡ್ಡಿ 4.04 ಲಕ್ಷ, ನಷ್ಟ ಸುಮಾರು 2.54 ಲಕ್ಷ. ಹಳೆಯ ಪದ್ಧತಿಯಲ್ಲಿ 2 ಲಕ್ಷವನ್ನು ಸಂಬಳದಿಂದ ಕಳೆಯಬಹುದು, ಉಳಿದದ್ದನ್ನು 8 ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಹೊಸ ಪದ್ಧತಿಯಲ್ಲಿ ಆ ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ.

ಕೊಳ್ಳುವ ಮುನ್ನ ನೋಡಬೇಕಾದ ಕಾಗದಪತ್ರ: ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ), ಮೂಲ ಪತ್ರ (ಆಸ್ತಿಯ ಹಿಂದಿನ ಮಾಲೀಕತ್ವ ತೋರಿಸುವ ಹಳೆಯ ಪತ್ರ), ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ), ಓಸಿ (ಕಟ್ಟಡ ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ). ಬಿ-ಖಾತಾ (ನಿಯಮಗಳಿಗೆ ಪೂರ್ತಿ ಹೊಂದದ) ಆಸ್ತಿ ಅಗ್ಗಕ್ಕೆ ಸಿಗುತ್ತದೆ, ಆದರೆ ಬಹುತೇಕ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ನಾಳೆ ಮಾರುವಾಗ ನಿಮ್ಮಿಂದ ಕೊಳ್ಳುವವರಿಗೂ ಅದೇ ಗೋಳು.

ಮನೆ ಬಾಡಿಗೆಗೆ ಕೊಟ್ಟ ಮೇಲೆ ಜಗಳವೆಲ್ಲ ಬಾಡಿಗೆದಾರರು ಕೊಡುವ ಅಡ್ವಾನ್ಸ್ (ಠೇವಣಿ) ಸುತ್ತಲೇ. ಅದು ನಿಮ್ಮ ದುಡ್ಡಲ್ಲ. ಇಎಂಐಗೆ ಬಳಸಿದರೆ ಬಾಡಿಗೆದಾರರು ಹೊರಟ ದಿನ ಹೊಂದಿಸಲು ಪರದಾಡಬೇಕು, ಎಫ್‌ಡಿಯಲ್ಲಿಡಿ. ಒಂದು ವರ್ಷಕ್ಕೆ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದಲೇ 11 ತಿಂಗಳ ರೂಢಿ ಬಂದಿದೆ, ಆದರೆ ನವೀಕರಿಸಲು ಬಹಳ ಮಂದಿ ಮರೆಯುತ್ತಾರೆ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರಿ, ನೋಟಿಸ್ ಎಷ್ಟು ದಿನ, ಬಾಡಿಗೆ ಎಷ್ಟು ಏರುತ್ತದೆ, ಮೇಂಟೆನೆನ್ಸ್ ಯಾರು ಕಟ್ಟಬೇಕು ಎಂಬುದನ್ನೆಲ್ಲ ಅದರಲ್ಲೇ ಬರೆಸಿ. ಬೀಗದ ಕೈ ಕೊಡುವ ದಿನ ಗೋಡೆ, ನಲ್ಲಿ, ಗೀಸರ್, ವಿದ್ಯುತ್ ಮೀಟರ್‌ನ ಫೋಟೊ ತೆಗೆದು ಇಬ್ಬರೂ ಇಟ್ಟುಕೊಳ್ಳಿ.

ಮಾಲೀಕರು ಅನಿವಾಸಿ ಭಾರತೀಯರಾದರೆ ಬಾಡಿಗೆ ಎಷ್ಟೇ ಕಡಿಮೆಯಿರಲಿ, ಬಾಡಿಗೆದಾರರೇ ಟಿಡಿಎಸ್ (ಹಣ ಕೊಡುವ ಮುನ್ನವೇ ಕಡಿತ ಮಾಡುವ ತೆರಿಗೆ) ಹಿಡಿಯಬೇಕು. ದುಬೈನಲ್ಲೋ ಅಮೆರಿಕದಲ್ಲೋ ಇದ್ದುಕೊಂಡು ಇಲ್ಲಿ ಮನೆ ಬಾಡಿಗೆಗೆ ಕೊಡುವವರು ಇದನ್ನು ಕರಾರಿಗೆ ಮುಂಚೆಯೇ ಬಾಡಿಗೆದಾರರಿಗೆ ಹೇಳಿಬಿಡಬೇಕು.